ಕಪ್ಪೆ ಉಗುಳಿದ ಎರೆಹುಳು: ನನ್ನ ಟಿಪ್ಪಣಿ

ಸಾಕಿದ ಕಪ್ಪೆ, ಸಲಮಾಂಡರ್ (ಹಲ್ಲಿಯಂತೆ ಕಾಣುವ ಉಭಯಚರ), ಆಕ್ಸೊಲಾಟಲ್‌ಗಳಿಗೆ (ನೀರಿನಲ್ಲೇ ಬದುಕುವ ಒಂದು ಸಲಮಾಂಡರ್) ಎರೆಹುಳು ಒಳ್ಳೆ ಆಹಾರ. ಇವಕ್ಕೆ ಸಾಮಾನ್ಯವಾಗಿ ಕೊಡುವ ಕ್ರಿಕೆಟ್ ಹುಳದಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ (ಫಾಸ್ಫರಸ್) ಎಷ್ಟೋ ಪಟ್ಟು ಹೆಚ್ಚು, ಎರೆಹುಳುವಿನಲ್ಲಿ ಆ ಅಸಮತೋಲನ ಅಷ್ಟಿಲ್ಲ. ಇಷ್ಟು ಓದಿಕೊಂಡು ಗೊಬ್ಬರದ ತೊಟ್ಟಿಯಿಂದ ಒಂದು ಹುಳು ತಂದು ಹಾಕಿದೆ. ಕಪ್ಪೆ ಗಬಕ್ಕನೆ ಹಿಡಿಯಿತು, ಮರುಕ್ಷಣ ಉಗುಳಿ ಮುಂಗಾಲಿನಿಂದ ಬಾಯಿ ಒರೆಸಿಕೊಂಡಿತು.

ಹುಳು ದೊಡ್ಡದಾಯ್ತೇನೋ ಎಂದು ಮೂರು ತುಂಡು ಮಾಡಿ ಕೊಟ್ಟೆ. ಈ ಸಲ ಮೂಸಿಯೂ ನೋಡಲಿಲ್ಲ. ನಾನು ಎಡವಿದ್ದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಗೊಬ್ಬರ ಮಾಡುವ ಕೆಂಪು ಹುಳು ಸಾಮಾನ್ಯವಾಗಿ ಐಸೀನಿಯಾ ಫೆಟಿಡಾ. ಫೆಟಿಡಾ ಅಂದರೆ ನಾರುವಂಥದ್ದು. ಹೆಸರಿನಲ್ಲೇ ಎಚ್ಚರಿಕೆ ಇತ್ತು. ಹೆದರಿದಾಗ, ಗಾಯವಾದಾಗ ಈ ಹುಳು ಮೈಯಿಂದ ಹಳದಿ ದ್ರವ ಬಿಡುತ್ತದೆ. ಅದರಲ್ಲಿ ಲೈಸೆನಿನ್ ಎಂಬ ಪ್ರೋಟೀನ್ ಇದೆ, ಬೆನ್ನೆಲುಬಿರುವ ಪ್ರಾಣಿಗಳ ಜೀವಕೋಶದ ಪೊರೆಗೆ ಅಂಟಿ ತೂತು ಕೊರೆಯುವಂಥದ್ದು. ಅಂದರೆ ಕತ್ತರಿಸಿದಷ್ಟೂ ದ್ರವ ಹೆಚ್ಚು. ಸಮಸ್ಯೆ ಗಾತ್ರದ್ದೆಂದು ತಿಳಿದು ನಾನು ರುಚಿಯನ್ನೇ ಇನ್ನಷ್ಟು ಕೆಡಿಸಿದ್ದೆ!

ಕೆಂಪು ಹುಳುವೇ ಗತಿ ಅನ್ನುವವರು ಅದನ್ನು ಬಿಸಿನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ, ತಣ್ಣೀರಿನಲ್ಲಿ ತೊಳೆದು ಕೊಡುತ್ತಾರೆ. ಆದರೆ ಹುಳು ಸತ್ತಿರುತ್ತದೆ, ಕಪ್ಪೆಗೋ ಅಲುಗಾಡಿದ್ದೇ ಆಹಾರ. ಚಿಮಟದಲ್ಲಿ ಹಿಡಿದು ಕುಣಿಸಬೇಕು. ಆಕ್ಸೊಲಾಟಲ್ ವಾಸನೆ ಹಿಡಿದೂ ತಿನ್ನುತ್ತದೆ, ಅಷ್ಟು ನಾಟಕ ಬೇಡ. ನನ್ನ ಮಟ್ಟಿಗೆ ಎರೆಹುಳುವಿನ ಜಾತಿಯನ್ನೇ ಬದಲಿಸುವುದು ಸುಲಭ: ಯುರೋಪಿಯನ್ ನೈಟ್‌ಕ್ರಾಲರ್ ಅಥವಾ ಆಫ್ರಿಕನ್ ನೈಟ್‌ಕ್ರಾಲರ್ ಎಂಬ ಎರೆಹುಳು. ಎರಡನೆಯದಕ್ಕೆ ಬೆಚ್ಚಗಿರಬೇಕು, ಚಳಿಯಲ್ಲಿ ಉಳಿಯದು.

ಎಲ್ಲಿಂದ ತರುವುದು? ಕೀಟನಾಶಕ, ರಸಗೊಬ್ಬರ ಬಿದ್ದ ನೆಲದಿಂದ ಬೇಡ. ಕಪ್ಪೆಯ ಚರ್ಮ ಅನೇಕ ರಾಸಾಯನಿಕಗಳನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಗಾಳಕ್ಕೆಂದು ಬಣ್ಣ ಹಾಕಿ ಮಾರುವ ಹುಳುವೂ ಬೇಡ.

ಸಾಕಣೆ ಕಷ್ಟವಲ್ಲ. ತೂತಿರುವ ಮುಚ್ಚಳದ ಡಬ್ಬಿ, ತೊಳೆದ ತೆಂಗಿನ ನಾರಿನ ಪುಡಿ, ಹರಿದ ರಟ್ಟು. ತೇವಕ್ಕೆ ನನ್ನದೊಂದೇ ಪರೀಕ್ಷೆ: ಒಂದು ಹಿಡಿ ತೆಗೆದು ಜೋರಾಗಿ ಹಿಂಡಿ, ಒಂದೆರಡು ಹನಿ ಬಿದ್ದರೆ ಸರಿ, ಧಾರೆ ಇಳಿದರೆ ಒಣ ರಟ್ಟು ಸೇರಿಸಿ. ಎರೆಹುಳು ಉಸಿರಾಡುವುದು ಚರ್ಮದಿಂದ, ಒಣಗಿದರೆ ಉಸಿರಿಲ್ಲ. ತರಕಾರಿ ಸಿಪ್ಪೆ ಸ್ವಲ್ಪ ಸ್ವಲ್ಪವೇ ಹೂತಿಡಿ; ಹುಳಿ ಹಣ್ಣು, ಈರುಳ್ಳಿ, ಉಪ್ಪು ಎಣ್ಣೆ ಬೇಡ. ಒಟ್ಟಿಗೆ ಸುರಿದರೆ ಕೊಳೆತು ಬಿಸಿಯೇರಿ ಹುಳುಗಳೆಲ್ಲ ಗೋಡೆ ಹತ್ತುತ್ತವೆ. ಹೊಸ ಡಬ್ಬಿಯಲ್ಲೂ ಹತ್ತಬಹುದು. ಮೊದಲ ಕೆಲವು ರಾತ್ರಿ ಮೇಲೊಂದು ದೀಪ ಉರಿಯಲಿ, ಬೆಳಕಿಗೆ ಅಂಜಿ ಒಳಗೇ ಉಳಿಯುತ್ತವೆ.

ಕತ್ತಿನ ಹತ್ತಿರ ದಪ್ಪ ಪಟ್ಟಿ ಮೂಡಿದ್ದರೆ ಹುಳು ಬಲಿತಿದೆ ಎಂದು ಅರ್ಥ. ಪುಟ್ಟ ನಿಂಬೆಹಣ್ಣಿನಾಕಾರದ ಕಾಳು ಕಂಡರೆ ಮೊಟ್ಟೆಚೀಲ, ಎಸೆಯಬೇಡಿ (ನಾನು ಬೀಜವೆಂದು ಎಸೆದಿದ್ದೆ). ಕೆಂಪು ಹುಳುವಿನದಾದರೆ ಸುಮಾರು ಮೂರು ವಾರಕ್ಕೆ ಒಡೆಯುತ್ತದೆ, ಒಂದರಿಂದ ಎರಡು ಮೂರು ಮರಿ.

ಕೊಡುವ ಹಿಂದಿನ ದಿನ ಒದ್ದೆ ಕಾಗದದ ಮೇಲೆ ಬಿಟ್ಟರೆ ಹೊಟ್ಟೆಯ ಮಣ್ಣು ಖಾಲಿಯಾಗುತ್ತದೆ. ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು ಕೊಡಿ. ಆಕ್ಸೊಲಾಟಲ್ ಬಿಟ್ಟ ತುಂಡನ್ನು ತೊಟ್ಟಿಯಿಂದ ಅಂದೇ ತೆಗೆಯಿರಿ, ನೀರು ಬೇಗ ಕೆಡುತ್ತದೆ.