ಗೆಳೆಯನ ಕ್ಷಿಪಣಿಗೆ ಅಮೆರಿಕ ಯಾಕೆ ಅಳತೆ ಹಾಕಿತ್ತು?

ಪ್ರಶ್ನೆ: ದಕ್ಷಿಣ ಕೊರಿಯಾ ಅಮೆರಿಕದ ಮಿತ್ರದೇಶ. ಆದರೂ ಅದರ ಕ್ಷಿಪಣಿ ಎಷ್ಟು ದೂರ ಹಾರಬೇಕೆಂದು ಅಮೆರಿಕ ಮಿತಿ ಹಾಕಿತ್ತಂತೆ. ಯಾಕೆ? ಅದನ್ನು ತೆಗೆದ ಮೇಲೆ ಏನು ಬದಲಾಯಿತು?

ಉತ್ತರ: ಅದು ತಂತ್ರಜ್ಞಾನಕ್ಕೆ ತೆತ್ತ ಬೆಲೆ. 1970ರ ದಶಕದಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರಿಗೆ ಅಮೆರಿಕ ತಮ್ಮ ಕೈ ಬಿಟ್ಟೀತೆಂಬ ಅಳುಕಿತ್ತು. ಗುಟ್ಟಾಗಿ ಅಣ್ವಸ್ತ್ರಕ್ಕೂ ಕೈ ಹಾಕಿದ್ದರು. 1978ರಲ್ಲಿ ಅಮೆರಿಕದ ನೈಕ್ ಹರ್ಕ್ಯುಲಿಸ್ ಮಾದರಿಯಲ್ಲೇ ಸ್ವಂತ ಕ್ಷಿಪಣಿ ಹಾರಿಸಿದರು. ಇವರು ಉತ್ತರ ಕೊರಿಯಾದ ಮೇಲೆ ಏರಿಹೋದರೆ ಯುದ್ಧ ತನ್ನ ಕೊರಳಿಗೆ ಬೀಳುತ್ತದೆಂದು ಅಮೆರಿಕ ಹೆದರಿತು. 1979ರಲ್ಲಿ ಒಪ್ಪಂದಕ್ಕೆ ಬಂದರು: ನೆರವು ಕೊಡುತ್ತೇವೆ, ಆದರೆ ದೂರ 180 ಕಿ.ಮೀ., ಸಿಡಿತಲೆ 500 ಕೆ.ಜಿ. ದಾಟಕೂಡದು. ದಕ್ಷಿಣದ ರಾಜಧಾನಿ ಸೋಲ್‌ನಿಂದ ಉತ್ತರದ ರಾಜಧಾನಿ ಪ್ಯೊಂಗ್‌ಯಾಂಗ್‌ಗೆ ನೇರ ದೂರವೇ ಸುಮಾರು 195 ಕಿ.ಮೀ.!

ಆಚೆಗಿದ್ದ ಉತ್ತರ ಕೊರಿಯಾಕ್ಕೆ ಇಂಥ ಯಾವ ಅಂಕೆಯೂ ಇರಲಿಲ್ಲ. 1998ರಲ್ಲಿ ಅದರ ರಾಕೆಟ್ ಜಪಾನಿನ ಮೇಲೆಯೇ ಹಾರಿಹೋಯಿತು. ದಕ್ಷಿಣಕ್ಕೆ ಕಟ್ಟಿದ್ದ ಹಗ್ಗ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು: 2001ರಲ್ಲಿ 300 ಕಿ.ಮೀ., 2012ರಲ್ಲಿ 800. 2017ರಲ್ಲಿ, ಉತ್ತರದ ಆರನೇ ಅಣುಪರೀಕ್ಷೆಯ ಬೆನ್ನಿಗೆ, ಸಿಡಿತಲೆಯ ತೂಕದ ಮಿತಿಯೂ ಹೋಯಿತು.

ನನ್ನ ಪ್ರಕಾರ ನಿಜವಾದ ಗಂಟು ಬಿಚ್ಚಿದ್ದು ಆಗಲೇ. ಭಾರವಾದ ಸಿಡಿತಲೆ ಹೊತ್ತು 800 ಕಿ.ಮೀ. ಹೋಗುವ ಕ್ಷಿಪಣಿಗೆ ಹಗುರವಾದುದನ್ನು ಕಟ್ಟಿದರೆ ಅದು ತಾನಾಗಿ ಇನ್ನೂ ದೂರ ಹೋಗುತ್ತದೆ. ಹಾಗಾಗಿ 2021ರ ಮೇ 21ರಂದು ವಾಷಿಂಗ್ಟನ್‌ನಲ್ಲಿ ಆಗಿನ ಕೊರಿಯಾ ಅಧ್ಯಕ್ಷ ಮೂನ್ ಜೇ ಇನ್ ಮತ್ತು ಅಮೆರಿಕದ ಅಧ್ಯಕ್ಷ ಬೈಡನ್ ಕೊನೆಗಾಣಿಸಿದ ಮಿತಿ ಅಷ್ಟರಲ್ಲೇ ಅರ್ಧ ಸವೆದಿತ್ತು. ಹಾಗಂತ ಮಿತಿ ತೆಗೆದದ್ದು ಬರೀ ಶಾಸ್ತ್ರಕ್ಕೆ ನಡೆದದ್ದಲ್ಲ. 800 ಕಿ.ಮೀ.ಗೆ ಉತ್ತರ ಕೊರಿಯಾ ಪೂರ್ತಿ ಸಿಗುತ್ತಿತ್ತು. ಸೋಲ್‌ನಿಂದ ಸುಮಾರು 950 ಕಿ.ಮೀ. ದೂರದ ಬೀಜಿಂಗ್ ಸಿಗುತ್ತಿರಲಿಲ್ಲ. ಚೀನಾ ಹುಬ್ಬು ಗಂಟಿಕ್ಕಲು ಇಷ್ಟು ಸಾಕು.

ಹೆಚ್ಚಿನವರು ಗಮನಿಸದ ಇನ್ನೊಂದು ವಿಷಯ ಘನ ಇಂಧನದ್ದು. ಉಪಗ್ರಹ ಹಾರಿಸುವ ರಾಕೆಟ್‌ಗೂ ಅದನ್ನು ಧಾರಾಳವಾಗಿ ಬಳಸಲು ಕೊರಿಯಾಕ್ಕೆ ಅನುಮತಿ ಇರಲಿಲ್ಲ. ಯಾಕೆಂದರೆ ಘನ ಇಂಧನ ತುಂಬಿದ ರಾಕೆಟ್ ಸದಾ ಸಿದ್ಧ. ತುದಿಯಲ್ಲಿ ಉಪಗ್ರಹದ ಬದಲು ಸಿಡಿತಲೆ ಇಟ್ಟರೆ ಅದೇ ಕ್ಷಿಪಣಿ. ಈ ಅನುಮಾನಕ್ಕೆ ಉದಾಹರಣೆ ನಮ್ಮಲ್ಲೇ ಇದೆ: 1980ರಲ್ಲಿ ರೋಹಿಣಿ ಉಪಗ್ರಹವನ್ನು ಮೇಲೇರಿಸಿದ ಎಸ್‌ಎಲ್‌ವಿ-3ರ ಮೊದಲ ಹಂತವೇ 1989ರ ಅಗ್ನಿಗೂ ಮೊದಲ ಹಂತವಾಯಿತು. ಕೊರಿಯಾಕ್ಕೆ ಈ ನಿರ್ಬಂಧ 2020ರ ಜುಲೈನಲ್ಲಿ ತೆರವಾಯಿತು. 2023ರ ಡಿಸೆಂಬರ್‌ನಲ್ಲಿ ಅದರ ಘನ ಇಂಧನದ ರಾಕೆಟ್ ಜೇಜು ದ್ವೀಪದ ಬಳಿಯ ಸಮುದ್ರದಿಂದ ಒಂದು ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಹಾಗಾದರೆ ಈಗ ಯಾವ ಕಟ್ಟೂ ಇಲ್ಲವೇ? ಮಾಡಿಕೊಳ್ಳಲು ಇಲ್ಲ, ಮಾರಲು ಇದೆ. ಹಲವು ದೇಶಗಳು ಸೇರಿರುವ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟದಲ್ಲಿ ಕೊರಿಯಾ 2001ರಿಂದಲೂ ಸದಸ್ಯ. 500 ಕೆ.ಜಿ. ಹೊತ್ತು 300 ಕಿ.ಮೀ. ದಾಟುವ ಕ್ಷಿಪಣಿಯನ್ನು ಬೇರೆಯವರಿಗೆ ಕೊಡಲು ಆ ಕೂಟದವರು ಹಿಂದೆಮುಂದೆ ನೋಡಲೇಬೇಕು. ನಮ್ಮ ಬ್ರಹ್ಮೋಸ್ ಮೊದಲಿಗೆ 290 ಕಿ.ಮೀ.ಗೆ ನಿಂತದ್ದೂ ಪಾಲುದಾರ ರಷ್ಯಾ ಆ ಕೂಟದಲ್ಲಿದ್ದ ಕಾರಣಕ್ಕೇ.