ತಿರುಗದ ಚೆಂಡಿನ ತಂಟೆ

ವಾಲಿಬಾಲ್ ಕಲಿಯೋಕೆ ಬರುವ ಮಕ್ಕಳಿಗೆಲ್ಲ ಮೊದಲ ದಿನವೇ ಸ್ಮ್ಯಾಶ್ ಹೊಡೆಯುವ ಆಸೆ. ಆದರೆ ಅವರನ್ನು ಕಂಗೆಡಿಸುವುದು ಸುಮ್ನೆ ತೇಲಿಕೊಂಡು ಬರುವ ಒಂದು ಸರ್ವ್. ನೇರ ಎದೆಗೇ ಬರ್ತಿದೆ ಅಂತ ಕೈ ಜೋಡಿಸಿ ನಿಂತರೆ, ಕೊನೆ ಗಳಿಗೆಯಲ್ಲಿ ಚೆಂಡು ಭುಜದ ಕಡೆ ಜಾರಿ, ಮೊಣಕೈಗೆ ಬಡಿದು ಎಲ್ಲೋ ಹೋಗುತ್ತದೆ. "ಕಣ್ಣು ಎಲ್ಲಿತ್ತೋ?" ಅಂತ ಜೊತೆಯವರು ಬೈಯುತ್ತಾರೆ. ಪಾಪ, ಕಣ್ಣಿನ ತಪ್ಪಲ್ಲ. ತಂಟೆ ಗಾಳಿಯದ್ದು.

ಇದಕ್ಕೆ ಫ್ಲೋಟ್ ಸರ್ವ್ ಅಂತ ಹೆಸರು. ಅಂಗೈಯ ಬುಡದಿಂದ ಚೆಂಡಿನ ನಟ್ಟನಡುವೆ ಚಟ್ಟನೆ ಹೊಡೆದು, ಕೈಯನ್ನು ಅಲ್ಲೇ ತಡೆಯಬೇಕು. ಆಗ ಚೆಂಡು ಹೆಚ್ಚುಕಡಿಮೆ ತಿರುಗದೆ ಹಾರುತ್ತದೆ. ಗಾಳಿ ಅದರ ಮೈ ಸವರಿಕೊಂಡು ಹೋಗಿ ಹಿಂದೆ ಬಿಟ್ಟುಕೊಳ್ಳುತ್ತದೆ. ಚೆಂಡಿನ ಮೈಮೇಲೆ ಜೋಡಣೆಯ ಗೆರೆಗಳಿವೆಯಲ್ಲ, ಅವುಗಳಿಂದಾಗಿ ಗಾಳಿ ಒಂದು ಬದಿಯಲ್ಲಿ ಬೇಗ ಬಿಡುತ್ತದೆ, ಇನ್ನೊಂದು ಬದಿಯಲ್ಲಿ ಇನ್ನಷ್ಟು ದೂರ ಅಂಟಿಕೊಂಡಿರುತ್ತದೆ. ಎರಡೂ ಕಡೆ ಒತ್ತಡ ಸಮ ಇಲ್ಲ ಅಂದಮೇಲೆ ಚೆಂಡು ಪಕ್ಕಕ್ಕೆ ವಾಲುತ್ತದೆ. ವೇಗ ಇಳಿದರೆ, ಚೂರು ಹೊರಳಿದರೆ, ವಾಲುವ ದಿಕ್ಕೂ ಬದಲು. ಕ್ರಿಕೆಟ್‌ನ ಸ್ವಿಂಗ್‌ಗೆ ಇದು ದಾಯಾದಿ. ಆದರೆ ಬೌಲರ್‌ಗೆ ದಿಕ್ಕು ಗೊತ್ತಿರುತ್ತದೆ, ಇಲ್ಲಿ ಎಷ್ಟೋ ಸಲ ಸರ್ವ್ ಮಾಡಿದವರಿಗೇ ಗೊತ್ತಿರಲ್ಲ! ಮುಂದಕ್ಕೆ ಉರುಳುವ ಹಾಗೆ ತಿರುಗಿಸಿ ಹೊಡೆದ ಚೆಂಡು ವೇಗ ಜಾಸ್ತಿ ಇದ್ದರೂ ಇಷ್ಟು ಮೋಸ ಮಾಡದು. ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ, ಬೀಳುವ ಜಾಗ ಊಹಿಸಬಹುದು.

ಚೆಂಡು ಹಗುರ ಇರುವುದಕ್ಕೇ ಗಾಳಿಗೆ ಇಷ್ಟು ಸಲಿಗೆ. 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಈ ಆಟ ಕಟ್ಟಿದ್ದು ಬ್ಯಾಸ್ಕೆಟ್‌ಬಾಲ್‌ನ ನೂಕುನುಗ್ಗಲು ಬೇಡವಾದ ನಡುವಯಸ್ಸಿನವರಿಗಾಗಿ. ಬ್ಯಾಸ್ಕೆಟ್‌ಬಾಲ್ ಕೈಗೆ ಭಾರವಾಯಿತು, ಅದರ ಒಳಗಿನ ಬ್ಲ್ಯಾಡರ್ ತೀರಾ ಹಗುರವಾಯಿತು. ಹಾಗಾಗಿ ಬೇರೆ ಚೆಂಡನ್ನೇ ಮಾಡಿಸಬೇಕಾಯಿತು. ಈಗಿನದು 260ರಿಂದ 280 ಗ್ರಾಂ.

ಸರಿ, ಈ ಚೆಂಡನ್ನು ಎತ್ತುವುದು ಹೇಗೆ? ಮೊಣಕೈ ನೇರ, ಎರಡು ಹೆಬ್ಬೆರಳು ಅಕ್ಕಪಕ್ಕ. ಮಣಿಕಟ್ಟಿನ ಮೇಲಿನ ಚಪ್ಪಟೆ ಜಾಗವೇ ಹಲಗೆ. ಹಲಗೆ ಯಾವ ಕಡೆ ಮುಖ ಮಾಡಿದೆಯೋ ಚೆಂಡು ಆ ಕಡೆ. ಮಕ್ಕಳು ಕೈ ಬೀಸುತ್ತಾರೆ, ಅಲ್ಲೇ ಕೆಡುವುದು. ಸರ್ವ್ ನಿಮ್ಮನ್ನು ಮುಟ್ಟಲು ಸಿಗುವುದು ಸುಮಾರು ಒಂದು ಸೆಕೆಂಡ್. ಅಷ್ಟರಲ್ಲಿ ಓಡಬೇಕಾದ್ದು ಕಾಲು, ಕೈಯಲ್ಲ.

ಪಾಸ್ ಸರಿಯಾದರೆ ನೆಟ್ ಹತ್ತಿರದ ಸೆಟ್ಟರ್ ಬೆರಳ ತುದಿಯಲ್ಲಿ ಎತ್ತಿಕೊಡುತ್ತಾರೆ, ಮೂರನೇ ಮುಟ್ಟಿಗೆ ಸ್ಮ್ಯಾಶ್. ಎದುರಾಳಿಯಿಂದ ಸರ್ವ್ ಕಿತ್ತುಕೊಂಡಾಗಲೆಲ್ಲ ಆರೂ ಜನ ಗಡಿಯಾರದ ಮುಳ್ಳಿನಂತೆ ಒಂದೊಂದು ಜಾಗ ಸರಿಯುವುದು ನಿಯಮ. 1998ರಿಂದ ಬೇರೆ ಬಣ್ಣದ ಅಂಗಿಯ ಲಿಬೆರೊ ಅಂತ ಒಬ್ಬರಿದ್ದಾರೆ. ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತುವುದೇ ಅವರ ಕೆಲಸ. ಎತ್ತರ ಕಮ್ಮಿ ಅಂತ ಬೇಜಾರಾದ ಹುಡುಗಿಗೋ ಹುಡುಗನಿಗೋ ನಾನು ಮೊದಲು ತೋರಿಸುವುದು ಆ ಅಂಗಿಯನ್ನೇ.

ಫ್ಲೋಟ್ ಕಲಿಯೋಕೆ ಗೋಡೆ ಸಾಕು. ಹಾರುವ ಚೆಂಡಿನ ಮೇಲಿನ ಕಂಪನಿ ಹೆಸರು ಓದೋಕೆ ಬರ್ತಿದ್ರೆ ಸರ್ವ್ ಸರಿಯಾಗಿದೆ ಅಂತ.