ಯೂನಿಯನ್ ಜಾಕ್: ಕೆಂಪು ಓರೆಪಟ್ಟಿ ನಡುವೆ ಯಾಕಿಲ್ಲ?

ಬ್ರಿಟನ್ನಿನ ಹಳೆಯ ಬಾವುಟಗಳ ಇಸವಿಗಳು ಬೇಗ ತಲೆಗೆ ಹತ್ತುತ್ತವೆ. ಕಾಡುವುದು ಯೂನಿಯನ್ ಜಾಕ್‌ಗೆ, ಅಂದರೆ ಈಗಿನ ಬ್ರಿಟಿಷ್ ಬಾವುಟಕ್ಕೆ, 1801ರಲ್ಲಿ ಸೇರಿದ ಕೆಂಪು ಓರೆಪಟ್ಟಿ. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

1606

1603ರಲ್ಲಿ ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್ ಇಂಗ್ಲೆಂಡಿಗೂ ರಾಜನಾದ. ಎರಡೂ ಕಡೆಯ ಹಡಗಿನವರಿಗೆ ಬಾವುಟದ ವಿಷಯಕ್ಕೆ ತಕರಾರು ಶುರುವಾಯಿತು. 1606ರ ಏಪ್ರಿಲ್ 12ರಂದು ರಾಜಾಜ್ಞೆ ಬಂತು: ಇಂಗ್ಲೆಂಡಿನ ಸಂತ ಜಾರ್ಜನ ಕೆಂಪು ಶಿಲುಬೆ, ಸ್ಕಾಟ್ಲೆಂಡಿನ ಸಂತ ಆಂಡ್ರ್ಯೂನ ನೀಲಿ ಮೇಲಿನ ಬಿಳಿ ಓರೆ ಶಿಲುಬೆ, ಎರಡೂ ಸೇರಿದ ಬಾವುಟವನ್ನು ನಡು ಕಂಬದ ತುದಿಯಲ್ಲಿ ಹಾರಿಸಿ. ತಮ್ಮ ಶಿಲುಬೆಯ ಮೇಲೆ ಕೆಂಪು ಶಿಲುಬೆ ಕೂತಿದ್ದು ಸ್ಕಾಟ್ ಹಡಗಿನವರಿಗೆ ಹಿಡಿಸಲಿಲ್ಲ, ಅದೇ ವರ್ಷ ದೂರು ಕೊಟ್ಟರು. ನ್ಯಾಯವಾದ ದೂರೇ ಅನ್ನಿಸುತ್ತದೆ.

1707ರಲ್ಲಿ ಎರಡು ರಾಜ್ಯ ಒಂದಾದಾಗ ಇದೇ ಗ್ರೇಟ್ ಬ್ರಿಟನ್ನಿನ ಬಾವುಟವಾಯಿತು. ವೇಲ್ಸ್ ಆಗಲೇ ಕಾನೂನಿನಲ್ಲಿ ಇಂಗ್ಲೆಂಡಿಗೆ ಸೇರಿತ್ತು, ಹಾಗಾಗಿ ಅದರ ಗುರುತು ಇಲ್ಲಿಲ್ಲ.

1801: ತೊಡಕು ಇಲ್ಲೇ

1801ರ ಜನವರಿ 1ರಂದು ಐರ್ಲೆಂಡ್ ಸೇರಿತು. ಅದರ ಪಾಲಿಗೆ ಸಂತ ಪ್ಯಾಟ್ರಿಕ್‌ನ ಕೆಂಪು ಓರೆ ಶಿಲುಬೆ. ಈಗ ಒಂದೇ ಓರೆ ಜಾಗಕ್ಕೆ ಇಬ್ಬರು! ಕೆಂಪನ್ನು ಸುಮ್ನೆ ಬಿಳಿಯ ನಡುವೆ ಎಳೆದರೆ ಸ್ಕಾಟ್ಲೆಂಡಿನ ಬಿಳಿ, ಕೆಂಪಿನ ಅಂಚಿನಂತೆ ಕಾಣುತ್ತದೆ. ಅದಕ್ಕೆ ಪಟ್ಟಿಯನ್ನೇ ಹಂಚಿದರು.

ಬಾವುಟದ ಎತ್ತರವನ್ನು 30 ಪಾಲು ಮಾಡಿ. ಓರೆಪಟ್ಟಿಯ ಒಟ್ಟು ಅಗಲ 6 ಪಾಲು: ಅಗಲ ಬಿಳಿ 3, ಕೆಂಪು 2, ಸಣ್ಣ ಬಿಳಿ 1. ಈ ಸಣ್ಣ ಬಿಳಿ ಸ್ಕಾಟ್ಲೆಂಡಿನದಲ್ಲ. ಲಾಂಛನದ ನಿಯಮದಲ್ಲಿ ಬಣ್ಣಕ್ಕೆ ಬಣ್ಣ ತಾಗಬಾರದು. ಕೆಂಪು, ನೀಲಿ ಬಣ್ಣಗಳು, ಬಿಳಿ, ಹಳದಿ ಲೋಹಗಳ (ಬೆಳ್ಳಿ, ಚಿನ್ನ) ಲೆಕ್ಕ. ಕೆಂಪು ನೀಲಿಗೆ ತಾಗದಿರಲಿ ಅಂತ ಹಾಕಿದ ಅಂಚು ಅದು, ಐರ್ಲೆಂಡಿನ ಲೆಕ್ಕಕ್ಕೇ ಸೇರಿಸಿ. 2 ಮತ್ತು 1 ಸೇರಿ 3. ಇಬ್ಬರಿಗೂ ಸಮಪಾಲು ಬಂತು, ಅಲ್ವಾ?

ಮುಂದಿನದು ಮೇಲೆ ಯಾರು ಅನ್ನುವುದು. ಕಂಬದ ಕಡೆಯ ಅರ್ಧದಲ್ಲಿ ಅಗಲ ಬಿಳಿ ಮೇಲೆ, ಏಕೆಂದರೆ ಸ್ಕಾಟ್ಲೆಂಡ್ ಮೊದಲು ಸೇರಿದ್ದು. ಹಾರುವ ತುದಿಯ ಅರ್ಧದಲ್ಲಿ ಕೆಂಪು ಮೇಲೆ. ಬಾವುಟ ತಲೆಕೆಳಗಾಗಿದೆಯೇ ನೋಡಲು ಕಂಬದ ಪಕ್ಕದ ಮೇಲಿನ ಮೂಲೆ ಸಾಕು: ಅಲ್ಲಿ ಅಗಲ ಬಿಳಿ ಮೇಲಿರಬೇಕು.

ಒಂದು ಸೊಗಸಾದ ವಿಷಯ: ಕಾಗದದ ಮೇಲೆ ಬರೆದು ಅರ್ಧ ಸುತ್ತು ತಿರುಗಿಸಿ, ಚಿತ್ರ ಹಾಗೇ ಇರುತ್ತದೆ! ಬಟ್ಟೆಯ ಕಥೆ ಬೇರೆ. ಕಂಬದ ಅಂಚು ಕಂಬದಲ್ಲೇ ಉಳಿದು ಮೇಲಿನ ಮೂಲೆ ಕೆಳಗೆ ಬಂದರೆ ಹಿಂಬದಿ ಈಚೆಗೆ ತಿರುಗುತ್ತದೆ, ಪಟ್ಟಿಗಳು ಅದಲುಬದಲಾಗುತ್ತವೆ.

ಕಾಲ ಗುರುತಿಸಲು

ಕೆಂಪು ಓರೆಪಟ್ಟಿ ಇದ್ದರೆ 1801 ಅಥವಾ ನಂತರದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಬಾವುಟದಲ್ಲಿ ಅದಿರಲಿಲ್ಲ. ಆ ಯುದ್ಧದ ಚಿತ್ರದಲ್ಲಿ ಕಂಡರೆ ಕಲಾವಿದ ನಂತರದ ಬಾವುಟ ಬರೆದಿದ್ದಾನೆ ಎಂದೇ ಅರ್ಥ. ನಡುವೆ ತಂತಿವಾದ್ಯ ಹಾರ್ಪ್ ಇದ್ದರೆ ಅದು ರಾಜನಿಲ್ಲದೆ ಕ್ರಾಮ್‌ವೆಲ್ ಆಳಿದ ಕಾಲದ 1658ರ ಬಾವುಟ. 1660ರಲ್ಲಿ ರಾಜ ಮರಳಿದ ಮೇಲೆ ಹಾರ್ಪ್ ಹೋಯಿತು.